ಏನೂ ಬೇಡವೆಂದವರನ್ನು ನಂಬದ ದೊಡ್ಡತ್ತೆ

ದೊಡ್ಡತ್ತೆಯ ಮೂಗಿನ ಎಡಹೊಳ್ಳೆಯಲ್ಲಿ ಒಂದು ದೊಡ್ಡ ತೂತಿತ್ತು. ಗಂಡ ತೀರಿಕೊಂಡಾಗ ಮೂಗುಬೊಟ್ಟು ತೆಗೆಸಿದ್ದರು. ಭಾರದ ಬೊಟ್ಟಾಗಿದ್ದಿರಬೇಕು, ತೂತು ಜೋತುಬಿದ್ದು ಹಾಗೇ ಉಳಿದಿತ್ತು. ಯಾರು ಏನು ಕೊಟ್ಟರೂ ಅವರು ಅದನ್ನು ಮೊದಲು ಮೂಗಿನ ಹತ್ತಿರ ಒಯ್ಯುತ್ತಿದ್ದರು. ಮಜ್ಜಿಗೆ, ಉಪ್ಪು, ವೀಳ್ಯದೆಲೆ, ಗುಡಿಯಿಂದ ಬಂದ ಪ್ರಸಾದ, ಯಾವುದನ್ನೂ ಬಿಡುತ್ತಿರಲಿಲ್ಲ. ಮೂಸಿದ ಮೇಲೆ ಕೊಟ್ಟವರ ಮುಖ ನೋಡುವರು. ಕೊಟ್ಟವರು ಅದರಲ್ಲಿ ಒಂದು ಚೂರು ತಮ್ಮ ಬಾಯಿಗೆ ಹಾಕಿಕೊಂಡು ತೋರಿಸಬೇಕು. ಆಮೇಲೂ ಒಂದು ಗಳಿಗೆ ಕಾದು, ತಿಂದವರಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೇ ತಾವು ಮುಟ್ಟುವರು.

ಅವರು ನನ್ನ ಗಂಡನ ದೊಡ್ಡಪ್ಪನ ಹೆಂಡತಿ. ನಾನು ಸಾಲಿಗ್ರಾಮದ ಕಡೆಯಿಂದ ಬೆಟ್ಟದಪುರದ ಹತ್ತಿರದ ಆ ಹಳ್ಳಿಗೆ ಸೊಸೆಯಾಗಿ ಬಂದದ್ದು ಕನ್ನಂಬಾಡಿ ಕಟ್ಟೆ ತುಂಬಿದ ಹೊಸದರಲ್ಲಿ. ಅಷ್ಟು ಹೊತ್ತಿಗೆ ಅಣ್ಣತಮ್ಮಂದಿರಿಬ್ಬರೂ ಜಗಳವಾಡಿ, ಪಾಲಾಗಿ, ತೊಟ್ಟಿಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ, ಒಬ್ಬರ ಹಿಂದೊಬ್ಬರು ಸತ್ತೂ ಹೋಗಿದ್ದರು. ಗೋಡೆ ಉಳಿದಿತ್ತು. ಈ ಕಡೆ ನಾನು, ನನ್ನ ಗಂಡ, ಅತ್ತೆ. ಆ ಕಡೆ ಮಕ್ಕಳಿಲ್ಲದ ದೊಡ್ಡತ್ತೆ ಒಬ್ಬರೇ.

ಬಂದ ದಿನವೇ ಅತ್ತೆ ಹೇಳಿದ್ದರು: "ಆ ಕಡೆಗೆ ಬೆಂಕಿಕಡ್ಡಿ ಕೂಡ ಕೊಡ್ಬ್ಯಾಡ ಕಣಮ್ಮಿ. ಕೊಟ್ರೆ, ಮನೆ ಸುಡಕ್ಕೆ ಕೊಟ್ಲು ಅಂತಾಳೆ."

ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ತಮಗೆ ಯಾರಾದರೂ ಒಳ್ಳೆಯದು ಮಾಡಿದರೆಂದರೆ ದೊಡ್ಡತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಬಯ್ದವರನ್ನು ಅವರು ಬೇಗ ಮರೆಯುತ್ತಿದ್ದರು, ಬಯ್ಯುವುದರಲ್ಲಿ ಮುಚ್ಚುಮರೆ ಏನೂ ಇಲ್ಲವಲ್ಲ. ಒಳ್ಳೆಯದು ಮಾಡಿದವರ ಹಿಂದೆ ಮಾತ್ರ ಬೀಳುತ್ತಿದ್ದರು. ಬೇಲಿಯ ಮೇಲೆ ಒಣಹಾಕಿದ ಸೀರೆ ಗಾಳಿಗೆ ಬಿದ್ದಾಗ ದಾರಿಹೋಕನೊಬ್ಬ ಎತ್ತಿ ಹಾಕಿದರೆ, ಅವನನ್ನು ನಿಲ್ಲಿಸಿ, "ಯಾವೂರಯ್ಯಾ ನಿಂದು? ನನ್ ಸೀರೆ ಮ್ಯಾಲೆ ಯಾಕ್ ಕಣ್ಣು?" ಎಂದು ಕೇಳುವರು. ನನ್ನ ಗಂಡನಿಗೆ ಅವರನ್ನು ಕಂಡರೆ ಒಳಗೊಳಗೇ ಪ್ರೀತಿ. ಆದರೂ ಆ ಕಡೆ ಹಾಯುತ್ತಿರಲಿಲ್ಲ. "ದೊಡ್ಡವ್ವನ ಹೊಲ ಬರೋದು ನಂಗೇ ಅಲ್ವಾ, ಹೋದ್ರೆ ಅದಕ್ಕೇ ಬಂದ ಅಂತದೆ" ಎನ್ನುತ್ತಿದ್ದರು.

ನಾನು ಬಂದ ಮೂರನೆಯ ವರ್ಷವಿರಬೇಕು, ಮಳೆಗಾಲದಲ್ಲಿ ದೊಡ್ಡತ್ತೆ ಸೇದೋ ಬಾವಿಯ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ನಾಟಿವೈದ್ಯನ ಎಣ್ಣೆಯನ್ನೂ ನಂಬದೆ, ತಾವೇ ಹರಳೆಣ್ಣೆ ಕಾಯಿಸಿ ಉಜ್ಜಿಕೊಂಡರು. ಎದ್ದು ಓಡಾಡುವಂತಾದರೂ ತುಂಬಿದ ಕೊಡ ಎತ್ತಲು ಆಗುತ್ತಿರಲಿಲ್ಲ. ಅರ್ಧ ಬಿಂದಿಗೆ ನೀರು ಹಿಡಿದು, ದಾರಿಯಲ್ಲಿ ಎರಡು ಕಡೆ ಕೂತು ಏಳುತ್ತಾ ಬರುವುದನ್ನು ನಾನು ಗೋಡೆಯ ಈ ಕಡೆಯಿಂದ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಆ ಕಡೆಯಿಂದ ಕೂಗು ಕೇಳಿಸಿತು. ಅವರ ಹಿತ್ತಿಲ ಬಾಗಿಲಲ್ಲಿದ್ದ ಮಣ್ಣಿನ ಗುಡಾಣದಲ್ಲಿ ಕಂಠಮಟ್ಟ ನೀರಿತ್ತಂತೆ. ಹಿಂದಿನ ಸಂಜೆ ಬರಿದಾಗಿದ್ದದ್ದು! ನೆರೆಯ ಹೆಂಗಸರೆಲ್ಲ ಸೇರಿದರು. ದೊಡ್ಡತ್ತೆ ಬಗ್ಗಿ ನೀರು ಮೂಸಿದರು.

"ಯಾರ್ ತುಂಬಿದ್ದು?"

ಅವರು ಗುಡಾಣವನ್ನು ಉರುಳಿಸಿ, ಅಷ್ಟೂ ನೀರನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿದರು. ಮಾರನೆಯ ದಿನವೂ ನೀರು ತುಂಬಿತ್ತು. ಅದೂ ಬಾಳೆಗೇ ಹೋಯಿತು. ಹೀಗೇ ನಡೆಯಿತು. ಅರ್ಧ ಬಿಂದಿಗೆ ಹೊರಲಾರದೆ ಹೊರುತ್ತಾ, ತುಂಬಿದ ಗುಡಾಣವನ್ನು ದಿನಾ ಬೆಳಿಗ್ಗೆ ಚೆಲ್ಲುತ್ತಾ ಅವರು ಆ ಮಳೆಗಾಲ ಕಳೆದರು. ಬಾಳೆಗಿಡ ಮಾತ್ರ ಊರಲ್ಲೆಲ್ಲ ಇಲ್ಲದ ಹಾಗೆ ಸೊಂಪಾಗಿ ಎದ್ದಿತು.

ಮದ್ದಿನ ಮಾತು ಹುಟ್ಟಿದ್ದು ಆಗ. ಅನ್ನದಲ್ಲೋ ನೀರಿನಲ್ಲೋ ಮದ್ದು ಬೆರೆಸಿಕೊಟ್ಟರೆ ಕುಡಿದವರು ತಿಂಗಳಾನುಗಟ್ಟಲೆ ಸೊರಗಿ ಸಾಯುತ್ತಾರೆ ಎಂಬ ಭಯ ನಮ್ಮ ಸೀಮೆಯಲ್ಲಿ ದೊಡ್ಡದು. ಮದ್ದು ಹಾಕುವವಳು ಎಂಬ ಹೆಸರು ಒಂದು ಹೆಂಗಸಿಗೆ ಅಂಟಿತೆಂದರೆ ಅವಳ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಅವಳ ಮಕ್ಕಳಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಊರಿನವರು ದೊಡ್ಡತ್ತೆಯನ್ನು ಅನುಮಾನಿಸಿದರು, ತಾನೇ ತುಂಬಿಸಿ ಇತರರ ಮೇಲೆ ಹೊರಿಸುತ್ತಾಳೆ ಎಂದು. ದೊಡ್ಡತ್ತೆ ಊರನ್ನೇ ಅನುಮಾನಿಸಿದರು. ನನ್ನ ಅತ್ತೆ ಒಂದು ದಿನ ರಾಗಿ ಬೀಸುತ್ತಾ ನನ್ನ ಕಡೆ ತಿರುಗಿ, "ನೀನೇನಾದ್ರೂ ಆ ಕಡೀಕೆ ಓಗ್ತಿದ್ದೀಯಾ?" ಎಂದು ಕೇಳಿದರು. ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನನಗೂ ಆ ದಿನಗಳಲ್ಲಿ ಎಲ್ಲರ ಮೇಲೂ ಗುಮಾನಿ. ಗಂಡ ಬೇಗ ಎದ್ದರೆ ಅವರ ಕಾಲಿನ ಕೆಸರು ನೋಡುತ್ತಿದ್ದೆ.

ದೊಡ್ಡತ್ತೆ ಹಿತ್ತಿಲಲ್ಲಿ ಬೂದಿ ಹರಡಿ ಮಲಗತೊಡಗಿದರು, ಬಂದವರ ಹೆಜ್ಜೆ ಮೂಡಲಿ ಎಂದು. ಬೆಳಿಗ್ಗೆ ನೋಡಿದರೆ ಗುಡಾಣ ತುಂಬಿರುತ್ತಿತ್ತು, ಬೂದಿಯನ್ನು ಯಾರೋ ಗುಡಿಸಿ ಸಮ ಮಾಡಿರುತ್ತಿದ್ದರು. ಇದರಿಂದ ಅವರ ಸಂಶಯ ಇನ್ನೂ ಬಲಿಯಿತು. ಒಳ್ಳೇದಕ್ಕೆ ಬಂದವರು ಹೆಜ್ಜೆ ಯಾಕೆ ಅಳಿಸುತ್ತಾರೆ? ಅವರ ಪ್ರಶ್ನೆಯಲ್ಲಿ ತಪ್ಪೇನಿತ್ತು?

ನನ್ನ ಕುತೂಹಲ ತಡೆಯದಾಯಿತು. ಒಂದು ದಿನ ನಸುಕಿನಲ್ಲೇ ಕೊಟ್ಟಿಗೆ ಗುಡಿಸಿದ ಮೇಲೆ, ಬೇಲಿಯ ಸಂದಿಯಲ್ಲಿ ನುಸುಳಿ ಗುಡಾಣದ ತನಕ ಹೋಗಿ ನೋಡಿದೆ. ತುಂಬಿತ್ತು. ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡತ್ತೆ ನನ್ನ ಕೈ ಹಿಡಿದು, ಬೂದಿಯ ಮೇಲೆ ಮೂಡಿದ್ದ ನನ್ನ ಹೆಜ್ಜೆಯನ್ನೂ ಅದರಲ್ಲಿ ಅಚ್ಚಾಗಿದ್ದ ಕಾಲುಂಗುರದ ಗುರುತನ್ನೂ ನೋಡಿದರು.

"ಸಿಕ್ತಲ್ಲ," ಎಂದರು. ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಗಿ ಆ ದನಿಯಲ್ಲಿತ್ತು.

ಹೊತ್ತು ಏರುವಷ್ಟರಲ್ಲಿ ನಾನು ಊರ ಚಾವಡಿಯ ಮುಂದೆ ನಿಂತಿದ್ದೆ. ಗುಡಾಣವನ್ನು ಇಬ್ಬರು ಆಳುಗಳು ಹೊತ್ತು ತಂದು ಪಟೇಲರ ಮುಂದೆ ಇಟ್ಟರು. ನನ್ನ ಗಂಡ ತಲೆ ತಗ್ಗಿಸಿ ಕಂಬದ ಹತ್ತಿರ ನಿಂತಿದ್ದರು.

"ಇದ್ರಲ್ಲಿ ಮದ್ದು ಅದೆ ಪಟೇಲ್ರೇ. ಇವಳೇ ಆಕಿರೋದು. ಹೆಜ್ಜೆ ಸಿಕ್ಕದೆ," ಎಂದರು ದೊಡ್ಡತ್ತೆ.

ಗುಂಪಿನಲ್ಲಿ ಯಾರೋ ಅಂದರು: "ಆ ನೀರ್ ಕುಡ್ದು ಬಾಳೆ ಗೊನೆ ಬುಟ್ಟದೆ ಕಣವ್ವ!" ಜನ ನಕ್ಕರು. ಪಟೇಲರು ನಗಲಿಲ್ಲ.

"ನಿನ್ನ ಹೆಜ್ಜೆ ಹೌದೇನಮ್ಮ?"

"ಹೌದು. ಯಾರು ತುಂಬ್ತಾರೆ ಅಂತ ನೋಡಕ್ಕೆ ಹೋಗಿದ್ದೆ."

ಹೇಳುತ್ತಿದ್ದ ಹಾಗೇ ಅದು ಎಂಥ ಸುಳ್ಳಿನಂತೆ ಕೇಳುತ್ತದೆ ಎಂದು ನನಗೇ ಗೊತ್ತಾಯಿತು. ಪಟೇಲರು ಸಾಲಿಗ್ರಾಮದ ಕಡೆಗೆ ಹೇಳಿಕಳಿಸಿ ನನ್ನ ಅಪ್ಪನನ್ನು ಕರೆಸಬೇಕು, ವಿಚಾರಣೆ ಮುಗಿಯುವ ತನಕ ಹುಡುಗಿ ತವರಿನಲ್ಲಿರಲಿ ಎಂದರು. ಹಾಗೆ ಹೋದವರು ಎಷ್ಟು ಜನ ತಿರುಗಿ ಬಂದಿದ್ದಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಗ ಹೆಂಗಸರ ಗುಂಪನ್ನು ಸೀಳಿಕೊಂಡು ಅತ್ತೆ ಮುಂದೆ ಬಂದರು. ಚಾವಡಿಯ ಮೆಟ್ಟಿಲು ಹತ್ತುವ ಹೆಂಗಸಲ್ಲ ಅವರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಗುಡಾಣದ ಹತ್ತಿರ ಕುಕ್ಕರಿಸಿ, ಬೊಗಸೆಯಲ್ಲಿ ನೀರು ಮೊಗೆದು ಗಟಗಟ ಕುಡಿದರು. ಇನ್ನೊಂದು ಬೊಗಸೆ ಕುಡಿದರು.

"ನಾನೇ ತುಂಬ್ತಿದ್ದುದು. ಆ ಮಗೂನ ಬುಟ್ಬುಡಿ."

ದಿನಾ ಗೋಡೆಯ ಮೇಲಿಂದ ದೊಡ್ಡತ್ತೆಗೆ ಬಯ್ಗುಳ ತೂರುತ್ತಿದ್ದ ಹೆಂಗಸು ಇವರೇ.

ದೊಡ್ಡತ್ತೆ ಎರಡು ಹೆಜ್ಜೆ ಮುಂದೆ ಬಂದರು. "ಯಾಕೆ? ಹೊಲ ಬೇಕಾಗಿತ್ತಾ?"

"ಏನೂ ಬ್ಯಾಡ ಕಣಕ್ಕ."

"ಏನೂ ಬ್ಯಾಡ ಅನ್ನೋರ್ನೇ ನಾನು ನಂಬದಿಲ್ಲ."

"ನನ್ ಮಗ ಹುಟ್ದಾಗ ಬಾಣಂತಿ ಸನ್ನಿ ಹಿಡ್ದು ನಂಗೆ ಮೈಮೇಲೆ ಗ್ಯಾನ ಇರ್ನಿಲ್ಲ," ಎಂದರು ಅತ್ತೆ. ನೆಲ ನೋಡಿಕೊಂಡೇ ಮಾತಾಡುತ್ತಿದ್ದರು. "ನಮ್ಮತ್ತೆ ಕೂಡ ಹತ್ರ ಬರ್ನಿಲ್ಲ. ನನ್ ಬಟ್ಟೆ ಕೆರೆಗೊತ್ಕಂಡೋಗಿ ಒಗ್ದೋಳು ನೀನು. ಕೂಸಿಗೆ ಹಸೀನ ಹಾಲು ಬತ್ತೀಲಿ ಅದ್ದಿ ಕುಡ್ಸಿದೋಳು ನೀನು. ಆಮೇಲೆ ಗೋಡೆ ಎದ್ಬುಡ್ತು. ನಿನ್ ಕೈಲಿ ನೀರ್ ಹೊರಕ್ಕಾಗದೆ ಇರೋದ್ ನೋಡ್ಕಂಡು ನಾನು ಹೆಂಗೆ ಸುಮ್ಕಿರ್ಲಿ?"

"ಅಂಗಾರೆ ಬಾಯ್ಬುಟ್ಟು ಯೋಳಕ್ಕೇನಾಗಿತ್ತು?"

"ಯೋಳಿದ್ರೆ ನೀನು ನಂಬ್ತಿದ್ಯಾ?"

ದೊಡ್ಡತ್ತೆ ಆಳುಗಳ ಕಡೆ ತಿರುಗಿ, "ಎತ್ಕಳ್ರಲಾ. ಚೆಲ್ಬ್ಯಾಡಿ," ಎಂದು ಗುಡಾಣದ ಹಿಂದೆ ಕುಂಟುತ್ತಾ ಮನೆಗೆ ಹೋದರು.

ಮಾರನೆಯ ಮಧ್ಯಾಹ್ನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡತ್ತೆ! ಗೋಡೆ ಎದ್ದ ಮೇಲೆ ಈ ಕಡೆ ಅವರು ಕಾಲಿಟ್ಟದ್ದೇ ಇಲ್ಲ. ಗೋಡೆಗೊರಗಿ ಕೂತು, "ಮುದ್ದೆ ಅದಾ?" ಎಂದರು. ನಾನು ಬಿಸಿ ಮುದ್ದೆಯೂ ಉಪ್ಸಾರೂ ಬಡಿಸಿ, ರೂಢಿಯಂತೆ ಒಂದು ಚೂರು ಮುರಿದು ನನ್ನ ಬಾಯಿಗೆ ಹಾಕಿಕೊಳ್ಳಲು ಹೋದೆ. ಅವರು ನನ್ನ ಮುಂಗೈ ಹಿಡಿದರು.

"ಬ್ಯಾಡ. ಇಕ್ಕು."

ಮೂಸಲಿಲ್ಲ. ತಲೆಯೆತ್ತದೆ ಉಂಡು, ಗಂಗಾಳ ತೊಳೆದಿಟ್ಟು ಹೋದರು. ಚಾವಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಅವತ್ತು ಅಷ್ಟು ಸುಲಭವಾಗಿ ಮನಸ್ಸು ತಿಳಿಯಾಗಲಿಲ್ಲವೆಂದೇ ಹೇಳಬೇಕು. ಇವರಿಗೆ ಇನ್ನೇನು ಬೇಕಾಗಿದೆಯೋ ಎಂದು ಸಂಜೆಯ ತನಕ ಯೋಚಿಸಿದೆ.

ಅವರಿಗೆ ಬೇಕಾಗಿದ್ದದ್ದು ಬೇರೆ. ಓರಗಿತ್ತಿಯ ನೀರನ್ನು ಅಷ್ಟು ದಿನ ಬಾಳೆಗೆ ಚೆಲ್ಲಿದ್ದು ಅವರನ್ನು ಒಳಗಿನಿಂದ ಕೊರೆಯುತ್ತಿತ್ತು. ಇನ್ನೂ ಯಾರು ಯಾರದ್ದನ್ನು ಹೀಗೆ ಚೆಲ್ಲಿದ್ದೇನೋ ಎಂದು ಹಳೆಯದನ್ನೆಲ್ಲ ತಿರುವತೊಡಗಿದರು. ಜಗಲಿಯ ಮೇಲೆ ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸುವರು: "ಯಜಮಾನ್ರು ಸತ್ತ ವರ್ಷ ನಾನು ಮೂಲೇಲಿ ಕೂತಿದ್ದೆ. ಎದ್ದು ಓಗಿ ನೋಡಿದ್ರೆ ಹೊಲ ಉತ್ತಾಗದೆ. ಹೊಲ ಹೊಡ್ಕಳಕ್ಕೆ ಯಾರೋ ಗೆರೆ ಹಾಕವ್ರೆ ಅಂತ ಬೇಲಿ ಕಟ್ಟಿಸ್ದೆ. ಯಾರ್ ಉತ್ತಿದ್ದು ಕಣಮ್ಮಿ ಅದು?"

ಗುಣವೇನೂ ಬದಲಾಗಿರಲಿಲ್ಲ. ಅದೇ ಗುಮಾನಿ, ಅದೇ ಬೆನ್ನುಹತ್ತುವ ಚಟ. ಆದರೆ ಈಗ ಹುಡುಕುತ್ತಿದ್ದದ್ದು ಋಣದ ಮನುಷ್ಯರನ್ನು. ಕೆಳಗಿನ ಬೀದಿಯ ರೈತನೊಬ್ಬನ ಮೇಲೆ ಅನುಮಾನ ಬಂತು. ಅವನ ಮನೆಯ ಮುಂದೆ ಹೋಗಿ ನಿಂತರು.

"ಆ ವರ್ಷ ನನ್ ಹೊಲ ಉತ್ತೋನು ನೀನೇ ಅಲ್ವಾ?"

"ನಾನಲ್ಲ ಕಣವ್ವ. ನಂಗೊತ್ತೇ ಇಲ್ಲ."

"ಸುಳ್ಳೇಳ್ಬ್ಯಾಡ. ನಿನ್ ಎತ್ತಿಗೆ ಆಗ ಕಾಲು ಊನ ಇತ್ತು. ಸಾಲು ಸೊಟ್ಟ ಬಿದ್ದಿತ್ತು."

"ಮಾರಮ್ಮನಾಣೆ ನಾನಲ್ಲ."

ಚಾವಡಿಗೆ ಎಳೆಯುತ್ತಾರೆಂದು ಅವನ ಭಯ. ದಿನವೂ ಹೋಗಿ ಪೀಡಿಸಿದರು. ಕೊನೆಗೆ ಅವನು ಕೈಮುಗಿದ: "ಹೂಂ ಕಣವ್ವ, ನಾನೇ. ತಪ್ಪಾಯ್ತು."

"ತಪ್ಪಲ್ಲ ಕಣ್ಲಾ. ಒಳ್ಳೇದ್ ಮಾಡ್ದೆ. ಉಪಕಾರ ಆಯ್ತು," ಎಂದರು ದೊಡ್ಡತ್ತೆ. ಅವನು ಅದನ್ನೂ ನಂಬದೆ, ಆ ಮೇಲೆ ಎಷ್ಟೋ ದಿನ ಅವರನ್ನು ಕಂಡರೆ ಓಣಿ ಬದಲಿಸುತ್ತಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಹುಣಸೂರಿನ ಒಬ್ಬ ಸಾಬರು. ಗಂಡನಿಗೆ ಕಾಯಿಲೆ ಮಿತಿಮೀರಿದಾಗ ದೊಡ್ಡತ್ತೆ ಗಾಡಿ ಕಟ್ಟಿಸಿಕೊಂಡು ಹುಣಸೂರಿಗೆ ಹೋಗಿದ್ದರಂತೆ. ಮುಟ್ಟಿದಾಗ ಸಂಜೆ ಕಳೆದಿತ್ತು, ಆಸ್ಪತ್ರೆ ತೆರೆಯುವ ತನಕ ಕಾಯಬೇಕಿತ್ತು, ಜಡಿಮಳೆ ಬೇರೆ. ಹಾಸಿಗೆ ಲೇಪು ಹೊಲಿಯುವ ಸಾಬರೊಬ್ಬರು ತಮ್ಮ ಅಂಗಡಿಯ ಜಗಲಿಗೆ ಕರೆದು, ಮಾರಾಟಕ್ಕಿಟ್ಟ ಹೊಸ ಹಾಸಿಗೆಯನ್ನೇ ಹಾಸಿ ರೋಗಿಯನ್ನು ಮಲಗಿಸಿದರು. ಬೆಳಿಗ್ಗೆ ಎದ್ದು ನೋಡಿದರೆ ಗಂಡನ ಬೆಳ್ಳಿ ಉಡಿದಾರ ಇಲ್ಲ. ದೊಡ್ಡತ್ತೆ ಬೀದಿಯಲ್ಲಿ ನಿಂತು, ಸಾಬರನ್ನು ಕಳ್ಳ ಎಂದು ಕೂಗಿದರು. ಊರಿಗೆ ಬಂದ ಮೇಲೆ ಉಡಿದಾರ ಗಾಡಿಯ ಹುಲ್ಲಿನಲ್ಲಿ ಸಿಕ್ಕಿತು. ಅದೇ ವಾರ ಗಂಡ ಹೋದರು. ಮತ್ತೆ ಆ ಕಡೆ ಹೋಗಲು ಅವರಿಗೆ ಮುಖವಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ನನ್ನನ್ನೂ ಗಾಡಿ ಹತ್ತಿಸಿಕೊಂಡು, ಒಂದು ಕುಡಿಕೆ ತುಪ್ಪ ಹಿಡಿದು ಹೊರಟರು. ಲಕ್ಷ್ಮಣತೀರ್ಥದ ಸೇತುವೆ ದಾಟಿ, ವಿಚಾರಿಸುತ್ತಾ ಅಂಗಡಿ ಹುಡುಕಿದೆವು. ಒಬ್ಬ ನಡುವಯಸ್ಸಿನವನು ಹತ್ತಿ ಹದಮಾಡುತ್ತಾ ಕೂತಿದ್ದ. ಸಾಬರ ಮಗ.

"ಏನ್ ಬೇಕಮ್ಮ? ಲೇಪಾ, ಹಾಸಿಗೆನಾ?"

"ಏನೂ ಬ್ಯಾಡ. ನಿಮ್ಮಪ್ಪಾರಿಗೆ ತುಪ್ಪ ತಂದಿವ್ನಿ."

ಅವನು ಹತ್ತಿ ಬಿಟ್ಟು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. "ಏನೂ ಬೇಡ ಅಂತೀರಿ, ತುಪ್ಪ ಯಾಕೆ ತಂದ್ರಿ? ಯಾರು ಕಳಿಸಿದ್ರು ನಿಮ್ಮನ್ನ?"

ದೊಡ್ಡತ್ತೆ ನನ್ನ ಕಿವಿಯಲ್ಲಿ, "ಬುದ್ವಂತ ಕಣಮ್ಮಿ ಇವ್ನು," ಎಂದರು. ನಿಜವಾಗಿಯೂ ಮೆಚ್ಚಿದ್ದರು.

ಮಾತು ಕೇಳಿ ಒಳಗಿನಿಂದ ಮುದುಕರು ಕೋಲೂರಿಕೊಂಡು ಬಂದರು. ಬಿಳಿ ಗಡ್ಡ, ಕಣ್ಣಿಗೆ ಪೊರೆ. ದೊಡ್ಡತ್ತೆ ಆ ಮಳೆ, ಆ ಹಾಸಿಗೆ ಎಲ್ಲ ವಿವರಿಸಿದರು. ಮುದುಕರು ತಲೆಯಾಡಿಸಿದರು.

"ಆಸ್ಪತ್ರೆಗೆ ಬರೋರು ಎಷ್ಟೋ ಜನ ಈ ಜಗಲಿ ಮೇಲೆ ಮಲಗಿದಾರೆ ಅಮ್ಮ. ನೆನಪಿಲ್ಲ."

"ನಿಮ್ಮನ್ನ ಕಳ್ಳ ಅಂದಿದ್ದೆ. ಬೀದೀಲಿ ನಿಂತ್ಕಂಡು."

ಮುದುಕರ ತಲೆ ಮೆಲ್ಲಗೆ ಮೇಲೆದ್ದಿತು. "ಅರೆ... ಅದು ನೆನಪಿದೆ," ಎಂದರು. "ನಮಾಜಿಗೆ ಹೋಗೋಕೂ ನಾಚಿಕೆ ಆಗಿತ್ತಮ್ಮ. ಬೀದಿಯೆಲ್ಲ ಕೇಳಿಸ್ಕೊಂಡಿತ್ತು."

"ಉಡಿದಾರ ಗಾಡೀಲೇ ಇತ್ತು. ತಪ್ಪು ನಂದು. ಅದೇ ಬೀದೀಲಿ ನಿಂತ್ಕಂಡೇ ಯೋಳ್ತೀನಿ," ಎಂದು ದೊಡ್ಡತ್ತೆ ತಡೆಯುವಷ್ಟರಲ್ಲಿ ನಡುಬೀದಿಗೆ ಹೋಗಿ ನಿಂತರು. "ಕೇಳ್ರಪ್ಪಾ! ಈ ಸಾಬ್ರು ಕಳ್ಳರಲ್ಲ! ನನ್ ಗಂಡನ್ನ ಮಳೇಲಿ ಕಾಪಾಡಿದೋರು! ಕಳ್ಳ ಅಂದ ನಾಲಿಗೆ ನಂದು!"

ಜನ ನಿಂತರು. ಸಂತೆಗೆ ಬಂದವರು ಕೂಡ ಬಗ್ಗಿ ನೋಡಿದರು. ಹಳಬರು ಯಾರೂ ಇದ್ದಂತೆ ಕಾಣಲಿಲ್ಲ. ಒಬ್ಬ ಪಕ್ಕದವನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು: "ಏನಂತೆ? ಏನ್ ಕದ್ದಿದ್ರಂತೆ ಸಾಬ್ರು?"

ಮುದುಕರು ಜಗಲಿಯ ಮೇಲಿಂದ ಕೈಯಾಡಿಸಿದರು. "ಸಾಕಮ್ಮ, ಒಳಗೆ ಬನ್ನಿ! ಮರೆತೋರಿಗೆಲ್ಲ ನೆನಪು ಮಾಡ್ತಿದೀರಿ!"

ಮೊದಲು ನಕ್ಕದ್ದು ಅವರ ಮಗ. ಆಮೇಲೆ ಮುದುಕರು ನಕ್ಕರು, ಕೆಮ್ಮು ಬರುವಷ್ಟು. ಬಾಳೆಹಣ್ಣು ತರಿಸಿಕೊಟ್ಟರು. ದೊಡ್ಡತ್ತೆ ಜಗಲಿಯ ಮೇಲೆ ಕೂತು ತಿಂದು, ಸೆರಗಿನಿಂದ ಕಣ್ಣೊರೆಸಿಕೊಂಡರು. ತಿರುಗಿ ಬರುವಾಗ ಗಾಡಿಯಲ್ಲಿ ಮಲಗಿ ಗಾಢವಾಗಿ ನಿದ್ದೆ ಮಾಡಿದರು.

ಮುಂದಿನ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅವರಿಗೆ ಚಳಿಜ್ವರ ಹಿಡಿಯಿತು. ನನ್ನ ಗಂಡ ಗೋಡೆಯಲ್ಲಿ ಒಂದು ಬಾಗಿಲು ಒಡೆಸಿದರು, ಓಡಾಡಲು ಅನುಕೂಲವಾಗಲಿ ಎಂದು. ಅತ್ತೆಯೂ ನಾನೂ ಸರದಿಯ ಮೇಲೆ ಹತ್ತಿರ ಕೂತೆವು. ಅತ್ತೆ ಕಾಲು ಒತ್ತುವರು, ದೊಡ್ಡತ್ತೆ ಸೂರು ನೋಡುವರು. ಒಂದು ಮಧ್ಯಾಹ್ನ, ಹೊರಗೆ ರಾಗಿ ಬಡಿಯುವ ಸದ್ದು ಕೇಳುತ್ತಿರುವಾಗಲೇ, ಅವರ ಉಸಿರು ನಿಂತಿತು. ಅತ್ತೆ ಅಳುವ ಬದಲು, "ಯೋಳ್ದೆ ಕೇಳ್ದೆ ಓಗ್ಬುಟ್ಯಲ್ಲ ನೀನು," ಎಂದು ಹೆಣವನ್ನು ಬಯ್ದರು. ಆಮೇಲೆ ಅತ್ತರು.

ತಿಥಿಯ ಮಾರನೆಯ ದಿನ ಮನೆಯ ಮುಂದೆ ಗಾಡಿ ನಿಂತಿತು. ಸಂತೆಗೆ ಹೋದವರಿಂದ ಸುದ್ದಿ ತಿಳಿದು ಹುಣಸೂರಿನ ಮುದುಕರು ಬಂದಿದ್ದರು. ಮಗ ಹಿಡಿದುಕೊಂಡಿದ್ದ, ಇಳಿಯಲು ಆಗುತ್ತಿರಲಿಲ್ಲ. ಗಾಡಿಯಲ್ಲಿ ಕೂತಲ್ಲಿಂದಲೇ ಕೈಯೆತ್ತಿ ಏನೋ ಪ್ರಾರ್ಥಿಸಿದರು. ನಮ್ಮ ಅತ್ತೆ ಪರಗಂಡಸರ ಮುಂದೆ ಬಾಯಿಬಿಟ್ಟವರಲ್ಲ. ಮನಸ್ಸಿನಲ್ಲಿ ಏನಿದ್ದರೂ ನೀರು ಹೊತ್ತು, ಕಾಲು ಒತ್ತಿ ತೀರಿಸಿಕೊಳ್ಳುವವರು. ಅವರು ಬೀದಿಗೆ ಇಳಿದು, ಗಾಡಿಯ ನೊಗ ಹಿಡಿದು ನಿಂತು, ಸ್ಪಷ್ಟವಾಗಿ ಹೇಳಿದರು: "ಇಷ್ಟು ದೂರ ಬಂದ್ರಲ್ಲ ಸಾಬ್ರೇ. ನಮ್ಮಕ್ಕನಿಗೆ ಉಪಕಾರ ಆಯ್ತು."

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಚಾವಡಿಯಲ್ಲಿ ಅವತ್ತು ಇವರು ಮೆಟ್ಟಿಲು ಹತ್ತದೇ ಇದ್ದಿದ್ದರೆ ನಾನು ಎಲ್ಲಿರುತ್ತಿದ್ದೆ? ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೊಳೆಯುವಂತೆ ಮಾಡಿದ ದೊಡ್ಡತ್ತೆ ಮಣ್ಣಿಗೆ ಹೋಗಿದ್ದರು.

ಗಾಡಿ ಹೋದ ಮೇಲೆ ಅತ್ತೆ ಮೊರ ಹಿಡಿದು ಕೂತರು. ನಾನು ಎದುರಿಗೆ ಹೋಗಿ ಕೂತೆ.

"ಅತ್ತೆ, ಅವತ್ತು ಚಾವಡೀಲಿ ನೀವು ನನ್ನ ಉಳಿಸ್ಕಂಡ್ರಿ. ನಿಮ್ಮಿಂದ ಉಪಕಾರ ಆಯ್ತು."

ಅತ್ತೆಯ ಕೈ ಮೊರದ ಮೇಲೆ ನಿಂತಿತು. ನನ್ನ ಮುಖವನ್ನು ಎಡಕ್ಕೂ ಬಲಕ್ಕೂ ನೋಡಿದರು.

"ಯಾಕಮ್ಮಿ," ಎಂದರು, "ತವರಿಗೆ ಓಗ್ಬೇಕಾ?"